ತಾರಸಿಯ ಮೇಲೆ 30 ಸುತ್ತು: ಮನೆಯಲ್ಲೇ ಇರಬೇಕಾದಾಗ ಮನಸ್ಸಿಗೆ ಬೇಕಾದ ವ್ಯಾಯಾಮ

ನಾನು ಬೆಂಗಳೂರಿನ ಹನುಮಂತನಗರದವಳು. 22 ವರ್ಷದಿಂದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮಕ್ಕಳಿಗೆ ಡ್ರಿಲ್ ಮಾಡಿಸುವುದು, ಖೋಖೋ ಆಡಿಸುವುದು ನನ್ನ ಕೆಲಸ. ಅಂಥವಳು 2021ರ ಮೇ ತಿಂಗಳಲ್ಲಿ ಸುಮಾರು ಎರಡು ವಾರ ಬೆಳಿಗ್ಗೆ ಹತ್ತೂವರೆ ತನಕ ಹಾಸಿಗೆಯಲ್ಲೇ ಬಿದ್ದಿರುತ್ತಿದ್ದೆ. ಜ್ವರ ಇರಲಿಲ್ಲ, ಕೆಮ್ಮು ಇರಲಿಲ್ಲ. ಕೊರೋನಾ ಎರಡನೇ ಅಲೆಗೆ ಏಪ್ರಿಲ್ 27ರ ರಾತ್ರಿಯಿಂದ ಊರು ಬಂದ್ ಆಗಿತ್ತು. ಮೊದಲ ದಿನಗಳಲ್ಲಿ ಹಾಲು, ತರಕಾರಿ ತರಲು ಬೆಳಿಗ್ಗೆ 6ರಿಂದ 10ರ ತನಕ ಮಾತ್ರ ಅವಕಾಶ. ಶಾಲೆಯಲ್ಲಿ ಅರ್ಧ ಸಂಬಳ. ಪಾರ್ಕಿನ ಗೇಟಿಗೆ ಬೀಗ. ಮುಖ್ಯರಸ್ತೆ ಕಡೆಯಿಂದ ಹಗಲೂ ರಾತ್ರಿ ಆಂಬುಲೆನ್ಸ್ ಸದ್ದು. ಕೈಯಲ್ಲಿ ಮೊಬೈಲು, ಅದರ ತುಂಬ ಬೆಡ್ ಬೇಕು, ಆಕ್ಸಿಜನ್ ಬೇಕು ಎನ್ನುವ ಮೆಸೇಜುಗಳು. ಮಲಗಿದರೆ ನಿದ್ದೆ ಇಲ್ಲ, ಎದ್ದರೆ ಮೈಯಲ್ಲಿ ತ್ರಾಣ ಇಲ್ಲ.

ನಮ್ಮದು 30-40 ಸೈಟಿನ ಮನೆ. ಕೆಳಗೆ ಓನರ್ ಆಂಟಿ, ಮೊದಲ ಮಹಡಿಯಲ್ಲಿ ಬಾಡಿಗೆಗೆ ನಾವು, ಅದರ ಮೇಲೆ ತಾರಸಿ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಶುರುವಾಯಿತು. ತಾರಸಿಯಲ್ಲಿ ಬಟ್ಟೆ ಒಣಹಾಕಿದ್ದೆ. ಏನೂ ಯೋಚಿಸದೆ 18 ಮೆಟ್ಟಿಲು ಓಡಿ ಹತ್ತಿದೆ. ಅರ್ಧ ಬಟ್ಟೆ ಕೆಳಗೆ ತಂದೆ, ಇನ್ನರ್ಧಕ್ಕೆ ಮತ್ತೆ ಓಡಿದೆ. ಕೊನೆಗೆ ನೀರಿನ ಟ್ಯಾಂಕಿನ ಪಕ್ಕ ಏದುಸಿರು ಬಿಡುತ್ತಾ ನಿಂತೆ. ಮಳೆ ವಾಸನೆ, ದೂರದಲ್ಲಿ ರಾಮಾಂಜನೇಯ ಗುಡ್ಡ. ಎರಡು ವಾರದಲ್ಲಿ ಮೊದಲ ಸಲ ತಲೆಯೊಳಗಿನ ಗದ್ದಲ ನಿಂತಿತ್ತು. ಆ ರಾತ್ರಿ ನಿದ್ದೆ ಬಂತು.

ಮಾರನೇ ದಿನದಿಂದ ನಾನು ಕಟ್ಟಿಕೊಂಡ ಅಭ್ಯಾಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಮೇಲೆ ನಮ್ಮ ಬೀದಿಯ ಏಳೆಂಟು ಹೆಂಗಸರು ತಮ್ಮ ತಮ್ಮ ತಾರಸಿಯಲ್ಲಿ ಇದನ್ನೇ ಮಾಡಿದರು. ಇನ್ನೊಮ್ಮೆ ಅಂಥ ಕಾಲ ಬರದಿರಲಿ. ಆದರೆ ಯಾವ ಕಾರಣಕ್ಕಾದರೂ ಮನೆಯೊಳಗೇ ಕಟ್ಟಿಬಿದ್ದವರು ನಮ್ಮ ಸುತ್ತ ಯಾವಾಗಲೂ ಇರುತ್ತಾರೆ ಅಲ್ವಾ? ಅವರಿಗೂ ಇದು ಬೇಕು.

ಮನಸ್ಸು ಬರಲಿ ಎಂದು ಕಾಯಬೇಡಿ

ಮೊದಲ ಮಾತು ಇದೇ. ಸ್ವಲ್ಪ ಹುಷಾರಾಗಲಿ, ಮನಸ್ಸು ಬರಲಿ, ಆಮೇಲೆ ಏಳೋಣ ಎಂದು ನಾನು ಎರಡು ವಾರ ಕಾದೆ. ಮನಸ್ಸು ಬರಲಿಲ್ಲ. ಬೇಸರದ ಗುಣವೇ ಅದು. ಸುಮ್ನೆ ಬಿದ್ದಿರು ಎನ್ನುತ್ತದೆ. ಬಿದ್ದುಕೊಂಡಷ್ಟೂ ಇನ್ನೂ ಜಾಸ್ತಿಯಾಗುತ್ತದೆ. ಇದನ್ನು ಮುರಿಯಲು ಮೈಯನ್ನು ಮೊದಲು ಎಬ್ಬಿಸಬೇಕು. ಮನಸ್ಸು ಹಿಂದಿನಿಂದ ಬರುತ್ತದೆ, ಕೆಲವು ದಿನ ತಡವಾಗಿ ಬರುತ್ತದೆ. ಮನೋವೈದ್ಯರೂ ಖಿನ್ನತೆಯ ಚಿಕಿತ್ಸೆಯಲ್ಲಿ ಇದೇ ದಾರಿ ಬಳಸುತ್ತಾರೆ. ಉತ್ಸಾಹ ಇರಲಿ ಬಿಡಲಿ, ದಿನಕ್ಕೊಂದು ಸಣ್ಣ ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡಿಸುತ್ತಾರೆ.

ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ. ಲಾಕ್‌ಡೌನಿನಲ್ಲಿ ಏಳು ಗಂಟೆಗೂ ಹತ್ತು ಗಂಟೆಗೂ ವ್ಯತ್ಯಾಸವೇ ಇರಲಿಲ್ಲ. ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಕೆಲಸಕ್ಕೆ ಕಟ್ಟಿ. ನನ್ನದು ಹಾಲು. ಹಾಲು ಉಕ್ಕಿದ ಮೇಲೆ ಸ್ಟೌ ಆರಿಸುತ್ತೇನೆ, ತಟ್ಟೆ ಮುಚ್ಚುತ್ತೇನೆ, ಚಪ್ಪಲಿ ಮೆಟ್ಟಿ ಮೇಲೆ ಹೋಗುತ್ತೇನೆ. ವಾಪಸ್ ಬಂದ ಮೇಲೇ ಕಾಫಿ. ನಿಮ್ಮದು ದೇವರ ದೀಪ ಇರಬಹುದು, ಬಾಗಿಲಿಗೆ ನೀರು ಹಾಕುವುದಿರಬಹುದು. ಬೆಳಗಿನ ಕೆಲಸವಾದರೆ ಒಳ್ಳೆಯದು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಒಳಗಿನ ಗಡಿಯಾರ ಸರಿಹೋಗುತ್ತದೆ, ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ.

ಮೊದಲ ವಾರ ಎಷ್ಟು ಮಾಡಬೇಕು? ಐದು ನಿಮಿಷ. ಕಡಿಮೆ ಅನ್ನಿಸುತ್ತದೆ, ಅನ್ನಿಸಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು ಎನ್ನುತ್ತದೆ. ಅದರ ಹಳೆಯ ಸಲಹೆಯಲ್ಲಿ ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಇರಬೇಕು ಎಂದಿತ್ತು. 2020ರ ಹೊಸ ಸಲಹೆಯಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ಎರಡು ನಿಮಿಷ ಮೆಟ್ಟಿಲು ಹತ್ತಿದರೂ ಲೆಕ್ಕಕ್ಕೆ ಬರುತ್ತದೆ. ಕುಗ್ಗಿದ ಮನಸ್ಸಿನವರಿಗೆ ಇದು ದೊಡ್ಡ ಸಮಾಧಾನ. 150 ಎಂಬ ಅಂಕಿ ನೋಡಿ ಹೆದರಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ತಾರಸಿಯನ್ನು ಅಳೆಯಿರಿ

ಟೈಲರ್ ಟೇಪು ಇದ್ದರೆ ಸಾಕು. ನಮ್ಮ ತಾರಸಿಯಲ್ಲಿ ಟ್ಯಾಂಕು, ಸೋಲಾರ್, ತುಳಸಿ ಕುಂಡ ಬಿಟ್ಟು ನಡೆಯಬಹುದಾದ ಒಂದು ಸುತ್ತು 110 ಅಡಿ ಬಂತು. 30 ಸುತ್ತು ಎಂದರೆ 3,300 ಅಡಿ, ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅದು ಗೊತ್ತಾದ ದಿನ ನನಗೆ ಆದ ಸಂತೋಷ ಹೇಳತೀರದು. ಬ್ಯೂಗಲ್ ರಾಕ್ ಮುಚ್ಚಿದ್ದರೇನು, ಲಾಲ್‌ಬಾಗ್ ಮುಚ್ಚಿದ್ದರೇನು, ನನ್ನ ತಲೆಯ ಮೇಲೇ ಒಂದು ಕಿಲೋಮೀಟರ್ ರಸ್ತೆ ಇತ್ತು.

ಎಣಿಸಲು ಹುಣಸೆ ಬೀಜ ಬಳಸಿ. ಒಂದು ಡಬ್ಬಿಯಲ್ಲಿ 30 ಬೀಜ, ಪಕ್ಕದಲ್ಲಿ ಖಾಲಿ ಡಬ್ಬಿ. ಒಂದು ಸುತ್ತು ಮುಗಿದಾಗ ಬಗ್ಗಿ ಒಂದು ಬೀಜ ಎತ್ತಿ ಆ ಕಡೆ ಹಾಕುವುದು. ಬಗ್ಗಿ ಏಳುವುದೂ ವ್ಯಾಯಾಮವೇ. ಮೊಬೈಲಿನ ಸ್ಟೆಪ್ ಕೌಂಟರ್ ಬೇಡ ಎನ್ನುತ್ತೇನೆ, ಯಾಕೆಂದರೆ ಮೊಬೈಲು ಮೇಲೆ ಬಂದರೆ ಅದರ ಜೊತೆ ಸುದ್ದಿಯೂ ಮೇಲೆ ಬರುತ್ತದೆ. ಆ 15 ನಿಮಿಷ ಅದು ಅಡುಗೆಮನೆಯ ಕಟ್ಟೆಯ ಮೇಲಿರಲಿ. ಬೀಜ ಟಣ್ ಎಂದು ಬೀಳುವ ಸದ್ದಿಗೆ ಕಾಯುತ್ತಾ ನಡೆದರೆ ತಲೆಗೆ ಬೇರೆ ಯೋಚನೆ ಮಾಡಲು ಪುರುಸೊತ್ತು ಕಡಿಮೆ.

15 ಸುತ್ತು ಬಲಕ್ಕೆ, 15 ಸುತ್ತು ಎಡಕ್ಕೆ ಹಾಕಿ. ಒಂದೇ ಕಡೆ ತಿರುಗಿದರೆ ತಲೆ ಸುತ್ತುತ್ತದೆ, ಒಂದೇ ಮಂಡಿಗೆ ಭಾರ ಬೀಳುತ್ತದೆ. ತಾರಸಿ ತೀರಾ ಚಿಕ್ಕದಾದರೆ ಎಂಟರ ಆಕಾರದಲ್ಲಿ ನಡೆಯಿರಿ. ಪ್ಯಾರಪೆಟ್ ಗೋಡೆ ಗಿಡ್ಡವಾಗಿದ್ದರೆ ಅಂಚಿನಿಂದ ಎರಡಡಿ ಒಳಗೇ ಇರಿ. ಮಳೆ ಬಂದ ಮರುದಿನ ಪಾಚಿ ನೋಡಿಕೊಳ್ಳಿ. ಬರಿಗಾಲು ಬೇಡ, ಜಾರದ ಚಪ್ಪಲಿ ಅಥವಾ ಹಳೆಯ ಶೂ ಇರಲಿ.

ನಡೆಯುವಾಗ ದೂರ ನೋಡಿ. ಇದನ್ನು ಒತ್ತಿ ಹೇಳುತ್ತೇನೆ. ಮನೆಯೊಳಗೆ ನಮ್ಮ ಕಣ್ಣಿಗೆ ಎಟುಕುವುದು ಹತ್ತಡಿ ಆಚೆಯ ಗೋಡೆ, ಇಲ್ಲವೇ ಒಂದಡಿ ಆಚೆಯ ಮೊಬೈಲು. ತಾರಸಿಯಲ್ಲಿ ಆಕಾಶ ಸಿಗುತ್ತದೆ. ಆ ಮೇ ತಿಂಗಳಲ್ಲಿ ಬೀದಿಯ ಕೊನೆಯ ಗುಲ್‌ಮೊಹರ್ ಮರ ಕೆಂಪಗೆ ತುಂಬಿಕೊಂಡಿತ್ತು. ಗುಡ್ಡದ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಗಾಡಿಗಳಿಲ್ಲದೆ ಹಕ್ಕಿಗಳ ಕೂಗು ಚೆನ್ನಾಗಿ ಕೇಳುತ್ತಿತ್ತು. ಪ್ರತಿ ಸುತ್ತಿಗೆ ಒಂದು ದೂರದ ವಸ್ತುವನ್ನು ಗುರುತು ಹಿಡಿಯುವುದು ನನ್ನ ಆಟವಾಗಿತ್ತು.

ವೇಗ ಎಷ್ಟಿರಬೇಕು ಎಂಬುದಕ್ಕೆ ಸುಲಭದ ಅಳತೆ ಇದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಓನರ್ ಆಂಟಿ ದೂರ ಕಾಯ್ದುಕೊಂಡು ನನ್ನ ಎದುರು ಬದಿಯಲ್ಲಿ ನಡೆಯುತ್ತಾ ದೇವರನಾಮ ಹೇಳುತ್ತಿದ್ದರು. ಇಡೀ ಚರಣ ಒಂದೇ ಸಮನೆ ಬಂದರೆ “ಆಂಟೀ, ನಿಧಾನ ಆಯಿತು” ಎನ್ನುತ್ತಿದ್ದೆ. ಅವರು ಮಾಸ್ಕಿನ ಒಳಗೇ ನಕ್ಕು ಹೆಜ್ಜೆ ಜೋರು ಮಾಡುತ್ತಿದ್ದರು.

ಉಸಿರು ಮತ್ತು ಭಯ

ಈ ಭಾಗಕ್ಕಾಗಿಯೇ ನಾನು ಬರೆಯಲು ಕೂತಿದ್ದು. ಉಸಿರಾಟದ ರೋಗ ಊರಲ್ಲಿ ಹರಡಿದಾಗ ಸಾಮಾನ್ಯ ಏದುಸಿರೂ ಹೆದರಿಸುತ್ತದೆ. ನಮ್ಮ ಮನೆಯಲ್ಲಿ ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಇತ್ತು. ನಾನು ದಿನಕ್ಕೆ ಇಪ್ಪತ್ತು ಸಲ ನೋಡಿಕೊಳ್ಳುತ್ತಿದ್ದೆ. ಕೂತಲ್ಲೇ ಎದೆ ಹೊಡೆದುಕೊಳ್ಳುವುದು, ಗಾಳಿ ಸಾಲದ ಹಾಗೆ ಅನ್ನಿಸುವುದು, ಬೆರಳ ತುದಿ ಜುಮ್ ಎನ್ನುವುದು. ಹಾಕಿ ನೋಡಿದರೆ 98, ಸರಿಯಾಗೇ ಇದೆ. ಹಾಗಾದರೆ ಇದೇನು ಎಂದು ಇನ್ನೂ ಭಯ.

ಆಗುತ್ತಿದ್ದುದು ಇದು. ಹೆದರಿದಾಗ ನಾವು ಗೊತ್ತಿಲ್ಲದೆ ಬೇಗ ಬೇಗ ಉಸಿರಾಡುತ್ತೇವೆ. ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ಅದರಿಂದ ತಲೆ ಹಗುರ, ಬೆರಳು ಜುಮ್, ತುಟಿ ಮರಗಟ್ಟಿದಂತೆ. ಆಕ್ಸಿಜನ್ ಸರಿಯಾಗೇ ಇರುತ್ತದೆ. ಆದರೆ ಆ ಲಕ್ಷಣಗಳು ರೋಗದ ಲಕ್ಷಣದಂತೆ ಕಂಡು ಭಯ ಹೆಚ್ಚುತ್ತದೆ, ಉಸಿರು ಇನ್ನೂ ಬೇಗವಾಗುತ್ತದೆ.

ಇಲ್ಲಿ ಮೆಟ್ಟಿಲು ಕೆಲಸಕ್ಕೆ ಬಂತು. ಮೈ ಹುಷಾರಾಗಿರುವ ದಿನ ಒಂದು ಮಹಡಿ ಮೆಟ್ಟಿಲು ಎರಡು ಸಲ ಹತ್ತಿ ಇಳಿಯಿರಿ. ಎದೆ ಬಡಿಯುತ್ತದೆ, ಉಸಿರು ಏರುತ್ತದೆ. ಮೇಲೆ ನಿಂತು ಎದೆಯ ಮೇಲೆ ಕೈ ಇಡಿ. ಮೂಗಿನಿಂದ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ತಾನಾಗಿ ನಿಧಾನವಾಗುತ್ತದೆ. ಎರಡು ಮೂರು ನಿಮಿಷದಲ್ಲಿ ಎಲ್ಲ ಇಳಿಯುವುದು ನಿಮ್ಮ ಕೈಗೇ ಗೊತ್ತಾಗುತ್ತದೆ. ಇದನ್ನು ದಿನಾ ಮಾಡಿದರೆ ಎದೆ ಬಡಿದ ಕೂಡಲೇ ಅಪಾಯ ಎಂದು ಕೂಗುವ ಮನಸ್ಸಿನ ಅಭ್ಯಾಸ ಬಿಡುತ್ತಾ ಬರುತ್ತದೆ. ಬಡಿತ ಏರುತ್ತದೆ, ಇಳಿಯುತ್ತದೆ ಎಂಬುದನ್ನು ಮೈ ಕಲಿಯುತ್ತದೆ. ನನಗೆ ಸುಮಾರು ಹತ್ತು ದಿನ ಹಿಡಿಯಿತು. ಆಮೇಲೆ ಆಕ್ಸಿಮೀಟರ್ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾತ್ರ.

ಆದರೆ ಭಯದ ಏದುಸಿರನ್ನೂ ರೋಗದ ಏದುಸಿರನ್ನೂ ಕಲಸಬೇಡಿ. ಆಗ ಡಾಕ್ಟರುಗಳು ಮನೆಯಲ್ಲಿರುವ ರೋಗಿಗಳಿಗೆ ಆರು ನಿಮಿಷ ನಡೆಯುವ ಪರೀಕ್ಷೆ ಹೇಳಿಕೊಟ್ಟಿದ್ದರು. ನಡೆಯುವ ಮೊದಲು ಒಮ್ಮೆ, ಸಮ ನೆಲದ ಮೇಲೆ ಆರು ನಿಮಿಷ ನಡೆದ ಮೇಲೆ ಒಮ್ಮೆ ಆಕ್ಸಿಜನ್ ನೋಡುವುದು. ಕೂತಾಗಲೇ 94ಕ್ಕಿಂತ ಕೆಳಗಿದ್ದರೆ, ಅಥವಾ ನಡೆದ ಮೇಲೆ ಮೂರು ಅಂಕಿಗಿಂತ ಜಾಸ್ತಿ ಇಳಿದರೆ, ಅದು ಶ್ವಾಸಕೋಶದ ವಿಷಯ. ತಕ್ಷಣ ಡಾಕ್ಟರಿಗೆ ಹೇಳಿ. ಇಂಥ ಹೊತ್ತಿನಲ್ಲಿ ಮೆಟ್ಟಿಲು, ವ್ಯಾಯಾಮ ಏನೂ ಬೇಡ. ನೋಡುವಾಗ ಬೆರಳು ತಣ್ಣಗಿದ್ದರೂ ಉಗುರಿಗೆ ಬಣ್ಣ ಇದ್ದರೂ ಅಂಕಿ ತಪ್ಪು ಬರಬಹುದು. ಕೈ ಉಜ್ಜಿ ಬಿಸಿ ಮಾಡಿಕೊಂಡು, ಒಂದು ನಿಮಿಷ ಅಲ್ಲಾಡದೆ ಕೂತು ನೋಡಿ.

ಬಸ್ಕಿ

ನನ್ನ ತಾತ ಪೇಟೆ ಕಡೆಯ ಗರಡಿಮನೆಗೆ ಹೋಗುತ್ತಿದ್ದವರು. ಕೆಮ್ಮಣ್ಣಿನ ಅಖಾಡ, ದಂಡ, ಬಸ್ಕಿ. ಶಾಲೆಗಳಲ್ಲಿ ಬಸ್ಕಿಯನ್ನು ಶಿಕ್ಷೆ ಮಾಡಿದ್ದು ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ. ಅಷ್ಟು ಒಳ್ಳೆಯ ವ್ಯಾಯಾಮದ ಹೆಸರು ಕೇಳಿದರೆ ಮಕ್ಕಳು ತಲೆ ತಗ್ಗಿಸುವಂತಾಯಿತು. ತೊಡೆಯ ಸ್ನಾಯು ಮೈಯ ದೊಡ್ಡ ಸ್ನಾಯುಗಳಲ್ಲಿ ಒಂದು. ಅದು ಕೆಲಸ ಮಾಡಿದರೆ ಮೈ ಬೇಗ ಬಿಸಿಯಾಗುತ್ತದೆ, ತಳಮಳಕ್ಕೆ ಒಂದು ದಾರಿ ಸಿಗುತ್ತದೆ. ಸಿಟ್ಟು ಬಂದಾಗ, ಕೈಕಾಲು ನಡುಗುವಾಗ ನಾನು ನಡೆಯುವುದಿಲ್ಲ, ಬಸ್ಕಿ ಹೊಡೆಯುತ್ತೇನೆ.

ಪಾದ ಭುಜದಷ್ಟು ಅಗಲ. ಹಿಂದೆ ಒಂದು ಕುರ್ಚಿ ಇಟ್ಟುಕೊಳ್ಳಿ. ಕೂರುವವರಂತೆ ಸೊಂಟ ಹಿಂದಕ್ಕೆ ತಳ್ಳಿ ಇಳಿಯಿರಿ, ಕುರ್ಚಿ ತಾಗುತ್ತಲೇ ಏಳಿ. ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ಹತ್ತು ಸಾಕು. ಒಂದು ನಿಮಿಷ ಬಿಟ್ಟು ಇನ್ನೊಂದು ಹತ್ತು. ಆಮೇಲೆ ಗೋಡೆಗೆ ಕೈ ಕೊಟ್ಟು ದಂಡ, ಅದೂ ಹತ್ತು. ಭಾರ ಎತ್ತಬೇಕು ಎನ್ನುವವರು ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ ತೆಗೆದುಕೊಳ್ಳಿ. ಒಂದೊಂದೂ ಒಂದು ಕೆಜಿ. ಹೀಗೆ ವಾರಕ್ಕೆ ಎರಡು ಮೂರು ದಿನ ಆದರೆ ಸಾಕು. ಮೇಲಿನ ಮನೆಯಲ್ಲಿರುವವರು ಧಡಧಡ ಹಾರುವ ವ್ಯಾಯಾಮ ಬಿಡಿ. ಕೆಳಗಿನವರ ಮನೆಯಲ್ಲೂ ಹುಷಾರಿಲ್ಲದವರು ಇರಬಹುದು.

ನಮ್ಮ ಅತ್ತೆಗೆ ಆಗ 74. ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ಅವರಿಗೆ ಕುರ್ಚಿಯೇ ಮೈದಾನ. ಕೈ ಊರದೆ ಕೂತು ಏಳುವುದು ಐದು ಸಲ. ಕೂತಲ್ಲೇ ಒಂದೊಂದಾಗಿ ಕಾಲು ನೇರ ಮಾಡಿ ಐದು ಎಣಿಸುವುದು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು. ದೇವಸ್ಥಾನಕ್ಕೆ ಹೋಗಲಾರದ ಸಂಕಟದಲ್ಲಿ ಅವರು ಮಾತು ಕಡಿಮೆ ಮಾಡಿಬಿಟ್ಟಿದ್ದರು. ಅದಕ್ಕೆ ನಾನು ಒಂದು, ಎರಡು ಎಂದು ಎಣಿಸದೆ ಕೇಶವ, ನಾರಾಯಣ, ಮಾಧವ ಎಂದು ಎಣಿಸಲು ಹೇಳಿದೆ. ಮೂರನೇ ದಿನ “ಏನಮ್ಮಾ, ಇವತ್ತು ಹೊತ್ತಾಯಿತಲ್ಲ” ಎಂದು ಅವರೇ ನನ್ನನ್ನು ಕರೆದರು.

ಮಗನದು ಬೇರೆ ಕಥೆ. ಒಂಬತ್ತನೇ ಕ್ಲಾಸು, ದಿನವಿಡೀ ಆನ್‌ಲೈನ್. ವ್ಯಾಯಾಮ ಮಾಡು ಎಂದರೆ ಎದ್ದು ಹೋಗುತ್ತಿದ್ದ. ಹದಿನೈದು ವರ್ಷದವರಿಗೆ ಹೇಳುವುದಕ್ಕಿಂತ ಕೆಲಸ ಒಪ್ಪಿಸುವುದು ವಾಸಿ. 20 ಲೀಟರಿನ ನೀರಿನ ಕ್ಯಾನು ಕೆಳಗಿನಿಂದ ಮೇಲೆ ತರುವುದು, ಓನರ್ ಆಂಟಿ ಮನೆಯದೂ ಸೇರಿ, ಅವನ ಪಾಲು. ಸಂಜೆ ತಾರಸಿಯಲ್ಲಿ ಹಗ್ಗ ಹಾರುವುದಕ್ಕೆ ನನ್ನ ಜೊತೆ ಪೈಪೋಟಿ. ಅವನ ಎಣಿಕೆ 60 ದಾಟಿದ ದಿನ ರಾತ್ರಿ ಊಟಕ್ಕೆ ಕೂತಾಗ, ಶಾಲೆ ಯಾವತ್ತೂ ತೆರೆಯುವುದಿಲ್ಲ ಅನ್ನಿಸಿ ಅಳು ಬರುತ್ತದೆ ಎಂದು ಹೇಳಿದ. ಅಷ್ಟು ದಿನ ಹೇಳಿರಲಿಲ್ಲ.

ಯಾವಾಗ ಮಾಡಬಾರದು

ಜ್ವರ, ಮೈಕೈ ನೋವು, ಕೆಮ್ಮು ಇರುವಾಗ ವ್ಯಾಯಾಮ ಬೇಡವೇ ಬೇಡ. ಬೆವರು ಬಂದರೆ ಜ್ವರ ಬಿಡುತ್ತದೆ ಎನ್ನುವವರ ಮಾತು ಕೇಳಬೇಡಿ. ಎದೆ ನೋವು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆ ಇದ್ದವರು ಶುರು ಮಾಡುವ ಮೊದಲೇ ಕೇಳಿಕೊಳ್ಳಿ.

ನನಗೆ 2022ರ ಜನವರಿಯಲ್ಲಿ ಕೊರೋನಾ ಬಂದು ಹೋಯಿತು. ಎಲ್ಲ ಲಕ್ಷಣ ಹೋಗಿ ಒಂದು ವಾರ ಕಳೆದ ಮೇಲೆ ಐದೇ ಸುತ್ತು ನಡೆದೆ. ನೋಡಬೇಕಾದ್ದು ಆ ಹೊತ್ತಿನ ಸುಸ್ತನ್ನು ಮಾತ್ರ ಅಲ್ಲ, ಮಾರನೇ ದಿನದ್ದನ್ನೂ. ಮಾರನೇ ದಿನ ಅಥವಾ ಅದರ ಮಾರನೇ ದಿನ ಮೈ ಹಿಂಡಿದ ಹಾಗಾದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು ಎಂದು ಅರ್ಥ. ಅರ್ಧಕ್ಕೆ ಇಳಿಸಿ. ಹಠ ಮಾಡಿ ಮುಂದುವರಿಸಿದರೆ ಕೆಲವರಿಗೆ ಸುಸ್ತು ತಿಂಗಳುಗಟ್ಟಲೆ ಎಳೆಯುತ್ತದೆ. ನನಗೆ ಮೂವತ್ತು ಸುತ್ತಿಗೆ ಮರಳಲು ಐದು ವಾರ ಬೇಕಾಯಿತು.

ಇನ್ನೊಂದು ಮಾತು. 2021ರ ಮೇ ಕೊನೆಗೆ ತುಮಕೂರಿನಲ್ಲಿದ್ದ ನನ್ನ ಸೋದರಮಾವ ತೀರಿಕೊಂಡರು. ಹೋಗಲು ಆಗಲಿಲ್ಲ. ಫೋನಿನಲ್ಲೇ ಎಲ್ಲ ನೋಡಿದೆವು. ಮಾರನೇ ಬೆಳಿಗ್ಗೆ ಹಾಲು ಕಾಯಿಸಿ ಅಭ್ಯಾಸದಂತೆ ಮೇಲೆ ಹೋದೆ. ಬೀಜದ ಡಬ್ಬಿ ಮುಟ್ಟಲಿಲ್ಲ. ಓನರ್ ಆಂಟಿ ಬಂದು ಏನೂ ಮಾತಾಡದೆ ಆ ಬದಿಯಲ್ಲಿ ನಡೆದರು. ಎಷ್ಟು ಸುತ್ತು ಆಯಿತೋ ಗೊತ್ತಿಲ್ಲ. ದುಃಖ ಕಡಿಮೆಯಾಗಲಿಲ್ಲ, ಅದು ಕಡಿಮೆಯಾಗಬೇಕು ಎಂದು ನಡೆದದ್ದೂ ಅಲ್ಲ. ಸಾವಿನ ಮನೆಯಲ್ಲಿ ನೆಂಟರು ಬಂದು ಕೂರುತ್ತಾರಲ್ಲ, ಅವರು ಯಾರೂ ಬರಲಾಗದ ಕಾಲದಲ್ಲಿ ಆ ನಡಿಗೆ ನನ್ನ ಜೊತೆ ಇತ್ತು. ಅಂಥ ದಿನ ಎಣಿಸಬೇಡಿ, ವೇಗ ಬೇಡ, ಅಳು ಬಂದರೆ ಅಳುತ್ತಲೇ ನಡೆಯಿರಿ.

ಎರಡು ವಾರ ಇಷ್ಟೆಲ್ಲ ಮಾಡಿದರೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾವುದರಲ್ಲೂ ಆಸೆಯೇ ಇಲ್ಲದಿದ್ದರೆ, ಡಾಕ್ಟರ ಹತ್ತಿರ ಹೋಗಿ. ಬದುಕುವುದೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ. ವ್ಯಾಯಾಮ ಮಾತ್ರೆಯ ಜೊತೆಗೂ ನಡೆಯುತ್ತದೆ. ನಡಿಗೆ ಶುರು ಮಾಡಿದೆ ಎಂದು ನಿಮ್ಮಷ್ಟಕ್ಕೇ ಮಾತ್ರೆ ನಿಲ್ಲಿಸಬೇಡಿ.

ಶುರು ಮಾಡುವವರು ಇವತ್ತು ರಾತ್ರಿಯೇ ಸ್ವಲ್ಪ ತಯಾರಿ ಮಾಡಿಟ್ಟುಕೊಳ್ಳಿ. ಚಪ್ಪಲಿಯನ್ನು ಬಾಗಿಲ ಕಡೆ ಮುಖ ಮಾಡಿ ಇಡಿ. ಡಬ್ಬಿಗೆ ಮೂವತ್ತು ಬೀಜ ಬೇಡ, ಐದೇ ಹಾಕಿ. ತಾರಸಿ ಬೀಗದ ಕೈ ಎಲ್ಲಿದೆ ನೋಡಿಕೊಳ್ಳಿ, ಬೆಳಿಗ್ಗೆ ಹುಡುಕುವಂತಾದರೆ ವಾಪಸ್ ಮಲಗಿಬಿಡುತ್ತೀರಿ. ಪಕ್ಕದ ತಾರಸಿಯವರು ಒಬ್ಬರಿಗೆ ಒಂದು ಮೆಸೇಜು ಹಾಕಿ, ನಾಳೆ ಹಾಲು ಕಾಯಿಸಿದ ಮೇಲೆ ಮೇಲೆ ಬರುತ್ತೇನೆ, ನೀವೂ ಬನ್ನಿ ಎಂದು.